ಘಾಟಿ ದಾಟಿದ ತುತ್‌ಝೋರ್ ತಂಡ

ರೇಷ್ಮೆ ಕಾರ್ಖಾನೆಯ ಗಂಡಸರು ಊಟದ ಬಿಡುವಿನಲ್ಲಿ ಚೆಂಡು ಒದೆಯುತ್ತ ಕಟ್ಟಿಕೊಂಡ ತಂಡ ತುತ್‌ಝೋರ್. ಊರಿನ ಹೆಸರೂ ಅದೇ. ಹಿಪ್ಪುನೇರಳೆ ತೋಟ ಅಂತ ಅರ್ಥ. ಸೋವಿಯತ್ ಕಾಲದಲ್ಲಿ ಕಾರ್ಖಾನೆಯೇ ತಂಡವನ್ನು ಸಾಕಿತು. ಬಸ್ಸು ಕೊಟ್ಟಿತು, ಬೂಟು ಕೊಟ್ಟಿತು, ಗೆದ್ದ ದಿನ ಕುರಿ ಕಡಿಸಿ ಪಲಾವ್ ಹಾಕಿಸಿತು. ಆಮೇಲೆ ಆ ದೇಶವೇ ಒಡೆದು ಉಜ್ಬೇಕಿಸ್ತಾನ ಬೇರೆಯಾಯಿತು. ಕಾರ್ಖಾನೆಯ ಅರ್ಧಕ್ಕರ್ಧ ಯಂತ್ರಗಳು ನಿಂತವು, ಬಸ್ಸನ್ನು ಮಾರಿದರು. ವಿಚಿತ್ರವೆಂದರೆ ಅದೇ ಹೊತ್ತಿಗೆ ಹೊಸ ದೇಶಕ್ಕೆ ಹೊಸ ಲೀಗ್ ಬಂತು, ಅದರ ಎರಡನೇ ದರ್ಜೆಯಲ್ಲಿ ತುತ್‌ಝೋರ್‌ಗೂ ಜಾಗ ಸಿಕ್ಕಿತು.

ಜಾಗ ಸಿಕ್ಕಿದ್ದು ದೊಡ್ಡದಲ್ಲ, ಉಳಿಸಿಕೊಳ್ಳುವುದು ದೊಡ್ಡದು ಅನ್ನುವುದು ತರಬೇತುದಾರ ಹೋಶಿಮ್‌ಗೆ ಮೊದಲ ವರ್ಷವೇ ಗೊತ್ತಾಯಿತು. ಶರತ್ಕಾಲದಲ್ಲಿ ಡೀಸೆಲ್ ಸಿಗದೆ ಒಂದು ಪಂದ್ಯಕ್ಕೆ ಹೋಗಲಾಗಲಿಲ್ಲ. ಇನ್ನೊಮ್ಮೆ ಹೀಗಾದರೆ ಹೆಸರು ಹೊಡೆದುಹಾಕುತ್ತೇವೆ ಎಂದು ಲೀಗಿನವರು ಖಡಾಖಂಡಿತವಾಗಿ ಹೇಳಿದ್ದರು. ಈಗ ಮಾರ್ಚ್ ತಿಂಗಳು. ಪಂದ್ಯ ಇದ್ದದ್ದು ಕಮ್ಚಿಕ್ ಘಾಟಿಯ ಆಚೆ, ಕಲ್ಲಿದ್ದಲ ಗಣಿಯ ಊರಿನಲ್ಲಿ. ಈರುಳ್ಳಿ ಸಾಗಿಸುವ ಲಾರಿಯೊಂದನ್ನು ಹೋಶಿಮ್ ಹೇಗೋ ಗಿಟ್ಟಿಸಿದ್ದ.

ಹೊರಡುವ ಬೆಳಿಗ್ಗೆ ಹೆಂಡತಿ ಜುಲೈಖೋ ತಂದೂರಿನಿಂದ ಬಿಸಿ ರೊಟ್ಟಿ ತೆಗೆದು, ಒಣ ಜರ್ದಾಳು ಹಣ್ಣಿನ ಜೊತೆ ಗಂಟು ಕಟ್ಟಿಕೊಟ್ಟಳು. ಅದೇ ಕಾರ್ಖಾನೆಯಲ್ಲಿ ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ನೂಲು ತೆಗೆಯುತ್ತಿದ್ದವಳು. ಬೆರಳ ತುದಿಗಳು ಇನ್ನೂ ಬೆಂದಂತೆಯೇ ಇದ್ದವು.

"ಮಗಳ ಮದುವೆ ದಿನಾನೂ ಇಷ್ಟು ಬೇಗ ಎದ್ದಿರ್ಲಿಲ್ಲ ನೀವು," ಅಂದಳು.

"ಅವತ್ತು ಘಾಟಿ ಹತ್ತೋದಿರ್ಲಿಲ್ಲ."

"ಮೇಲೆ ಹಿಮ ಬಿದ್ದಿದೆಯಂತೆ. ಕೇಳಿ, ಸೋತ್ಕೊಂಡಾದ್ರೂ ಬನ್ನಿ. ಆಡ್ದೆ ಮಾತ್ರ ಬರ್ಬೇಡಿ. ಬೀದಿಯಲ್ಲಿ ಹೆಂಗಸ್ರಿಗೆ ಉತ್ತರ ಕೊಡೋಳು ನಾನು."

ಹೋಶಿಮ್ ನಗಲಿಲ್ಲ. ಗಂಟು ತೆಗೆದುಕೊಂಡು ಲಾರಿ ಹತ್ತಿದ.

ಘಾಟಿಯ ಅರ್ಧ ಏರುವಷ್ಟರಲ್ಲಿ ಲಾರಿ ನಿಂತಿತು. ಮುಂದೆ ಹಿಮ ಜಾರಿ ರಸ್ತೆಯನ್ನೇ ಮುಚ್ಚಿತ್ತು. ರಸ್ತೆ ಕಾಯುವ ಪೊಲೀಸಿನವನು ಕೈ ಅಡ್ಡ ಹಿಡಿದು, "ನಾಳೆವರೆಗೂ ಗಾಡಿ ಬಿಡಲ್ಲ. ವಾಪಸ್ ಹೋಗಿ," ಅಂದ.

ಹುಡುಗರು ಲಾರಿಯಿಂದಿಳಿದು ಕೈ ಉಜ್ಜಿಕೊಳ್ಳುತ್ತ ನಿಂತರು. ಎಲ್ಲರ ಕಣ್ಣೂ ಹೋಶಿಮ್ ಮೇಲೆ. ಅವನು ಏರುದಾರಿಯನ್ನು ನೋಡಿದ, ಆಕಾಶ ನೋಡಿದ. ಮೋಡ ಚದುರಿತ್ತು, ಗಾಳಿ ಇರಲಿಲ್ಲ.

"ಗಾಡಿ ಬಿಡಲ್ಲ ಅಂದ್ರಿ. ನಡ್ಕೊಂಡು ಹೋಗೋರ್ನ?"

ಪೊಲೀಸಿನವನು ಅವನನ್ನು ಮೇಲಿಂದ ಕೆಳಗೆ ನೋಡಿದ, ಲಾರಿಯಲ್ಲಿದ್ದ ಚೆಂಡಿನ ಚೀಲವನ್ನೂ ನೋಡಿದ. "ರಸ್ತೆ ಕೆಲಸದವ್ರು ಕಾಲುದಾರಿ ಕಡಿದಿದ್ದಾರೆ. ಅದ್ರಲ್ಲಿ ಹೋದ್ರೆ ನಾನು ನೋಡ್ಲಿಲ್ಲ ಅಂದ್ಕೊಳಿ. ಆದ್ರೆ ಯಜಮಾನ್ರೇ, ಚೆಂಡಾಟಕ್ಕಾ?"

"ಹೌದು, ಚೆಂಡಾಟಕ್ಕೇ."

ದಿಲ್ಮುರೋದ್ ಮುಂದೆ ಬಂದ. ತಂಡದ ಗೋಲುಗಳಲ್ಲಿ ಹೆಚ್ಚಿನವು ಅವನ ಕಾಲಿನವು. ತಾಷ್ಕೆಂಟಿನ ದೊಡ್ಡ ತಂಡವೊಂದು ಅವನ ಮೇಲೆ ಕಣ್ಣಿಟ್ಟಿತ್ತು. "ಉಸ್ತಾದ್, ನನಗೆ ಇರೋದು ಇವೆರಡು ಕಾಲು. ಇಲ್ಲಿ ಜಾರಿ ಮುರ್ಕೊಂಡ್ರೆ ನನ್ ಗತಿ ಏನು? ಹಿಮ ಬಿತ್ತು ಅಂದ್ರೆ ಲೀಗ್‌ನೋರು ಒಪ್ಪಲ್ವಾ?"

"ಹೋದ ಸಲ ಡೀಸೆಲ್ ಇಲ್ಲ ಅಂದ್ವಿ. ಒಪ್ಪಿದ್ರಾ?"

"ಅದಕ್ಕೆ ಹುಚ್ಚರ ಥರ ಗುಡ್ಡ ಹತ್ತೋದಾ?"

ಹೋಶಿಮ್‌ಗೆ ಸಿಟ್ಟು ನೆತ್ತಿಗೇರಿತು, ನುಂಗಿಕೊಂಡ. ಹುಡುಗ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. "ಯಾರನ್ನೂ ಎಳ್ಕೊಂಡು ಹೋಗಲ್ಲ," ಅಂದ. "ವಾಪಸ್ ಹೋಗೋರಿಗೆ ಲಾರಿ ಇದೆ. ನಾನಂತೂ ಆ ಮೈದಾನದಲ್ಲಿ ನಿಂತ್ಕೊಂಡು ತುತ್‌ಝೋರ್ ಬಂದಿದೆ ಅಂತ ಹೇಳೇ ಹೇಳ್ತೀನಿ. ಒಬ್ನೇ ಆದ್ರೂ ಸರಿ."

ಗೋಲಿ ತುಯ್ಚಿ, ಮೊಣಕಾಲಿಗೆ ಸದಾ ಉಣ್ಣೆಬಟ್ಟೆ ಸುತ್ತಿಕೊಂಡಿರುವ ದಢೂತಿ ಆಳು, ತನ್ನ ಚೀಲ ಹೆಗಲಿಗೇರಿಸಿದ. "ಒಬ್ರೇ ಹೋದ್ರೆ ಗೋಲ್ ಯಾರ್ ಕಾಯ್ತಾರೆ? ನೀವು ನಿಂತ್ರೆ ಇಪ್ಪತ್ತು ಗೋಲ್ ಬೀಳುತ್ತೆ ಉಸ್ತಾದ್. ನಡೀರಿ."

ಅಲ್ಲೊಂದು ನಗು ಎದ್ದಿತು. ನಾಯಕ ನಬಿಜೋನ್ ಚೆಂಡಿನ ಚೀಲ ಎತ್ತಿಕೊಂಡ. ಉಳಿದವರೂ ಹಿಂದೆ ಹೊರಟರು. ದಿಲ್ಮುರೋದ್ ಮತ್ತು ಅವನ ಇಬ್ಬರು ಗೆಳೆಯರು ಮಾತ್ರ ಲಾರಿಯ ಬಳಿಯೇ ಉಳಿದರು. ಹೋಶಿಮ್ ಎಣಿಸಿ ನೋಡಿದ: ಸರಿಯಾಗಿ ಹನ್ನೊಂದು ಆಟಗಾರರು.

ಕಾಲುದಾರಿಯಲ್ಲಿ ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಕಾಲಿಟ್ಟು ಸಾಗಿದರು. ಹಿಮ ಕೆಲವೆಡೆ ಸೊಂಟದವರೆಗಿತ್ತು. ಹೋಶಿಮ್ ಐವತ್ತು ದಾಟಿದವನು. ಎದೆ ಬಡಿಯುವ ಸದ್ದು ಕಿವಿಯಲ್ಲೇ ಕೇಳುತ್ತಿತ್ತು. ನಿಂತರೆ ಹುಡುಗರೂ ನಿಲ್ಲುತ್ತಾರೆ ಎಂದು ನಿಲ್ಲಲಿಲ್ಲ. ನೆತ್ತಿಯ ಹತ್ತಿರ ರಸ್ತೆ ಕೆಲಸದವರ ಗುಡಿಸಲು ಸಿಕ್ಕಿತು. ಅವರು ಬಿಸಿ ಹಸಿರು ಚಹಾ ಕೊಟ್ಟರು, ಇವರು ಜುಲೈಖೋಳ ರೊಟ್ಟಿ ಮುರಿದು ಹಂಚಿದರು. ಇಳಿಜಾರಿನಲ್ಲಿ ಎಡಬದಿಯ ರಕ್ಷಣೆ ಆಟಗಾರ ಜಾರಿ ಬಿದ್ದು ಪಾದ ತಿರುಚಿಕೊಂಡ. ನಬಿಜೋನ್ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡ. ಕೆಳಗೆ ಕಲ್ಲಿದ್ದಲ ಲಾರಿಯೊಂದು ದಾರಿ ತೆರೆಯಲೆಂದು ಕಾಯುತ್ತಿತ್ತು. ಚಾಲಕ ಇವರ ಅವತಾರ ನೋಡಿ, ಒಂದೂ ಪ್ರಶ್ನೆ ಕೇಳದೆ ಗಾಡಿ ತಿರುಗಿಸಿದ.

ಮೈದಾನ ಮುಟ್ಟುವಾಗ ಪಂದ್ಯದ ಹೊತ್ತು ಮೀರಿ ಬಹಳವಾಗಿತ್ತು. ತೀರ್ಪುಗಾರ ಗಡಿಯಾರ ತೋರಿಸಿದ. "ನಿಯಮದಂತೆ ಅರ್ಧ ಗಂಟೆ ಕಾಯ್ಬೇಕು, ಕಾದಾಯ್ತು. ನೀವು ಬರ್ಲಿಲ್ಲ ಅಂತ ಆಗ್ಲೇ ಬರೆದು ಮುಗಿಸ್ಬೇಕಿತ್ತು, ಆದ್ರೆ ಈ ಊರಿನ ತಂಡವೇ ಇನ್ನೂ ಹೊರಗೆ ಬಂದಿಲ್ಲ. ಇದೆಂಥ ಆಟವೋ."

ಹೋಶಿಮ್ ಎದುರಾಳಿಗಳ ಕೋಣೆಗೆ ಇಣುಕಿದ. ಆಟಗಾರರೆಲ್ಲ ಬೆಂಚಿನ ಮೇಲೆ ತಯಾರಾಗಿಯೇ ಕೂತಿದ್ದರು. ಅವರ ತರಬೇತುದಾರ ಕಿಮ್, ಸೋವಿಯತ್ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿದ ಕೊರಿಯನ್ ಮನೆತನದ, ಕೂದಲು ನರೆತ ಮುದುಕ, ಒಬ್ಬನ ಬೂಟಿನ ದಾರವನ್ನು ನಿಧಾನವಾಗಿ ಬಿಚ್ಚುತ್ತಿದ್ದ.

"ಘಾಟಿಯಿಂದ ಫೋನ್ ಬಂದಿತ್ತು," ಅಂದ ಕಿಮ್, ತಲೆಯೆತ್ತದೆ. "ಕೆಲವು ಹುಚ್ಚರು ನಡ್ಕೊಂಡು ಬರ್ತಿದ್ದಾರೆ ಅಂತ. ನಮ್ಮೋರಿಗೆ ದಾರ ಕಟ್ಟೋಕೆ ಬರಲ್ಲ ನೋಡಿ, ಪದೇ ಪದೇ ಬಿಚ್ಚಿ ಕಲಿಸ್ತಿದೀನಿ. ನೀವು ಬಟ್ಟೆ ಬದಲಾಯ್ಸಿ."

ಹೋಶಿಮ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. "ಅಣ್ಣಾ," ಅಂದ.

"ಕರುಣೆ ಅಂದ್ಕೊಬೇಡಿ. ಮೈದಾನದಲ್ಲಿ ಬಿಡಲ್ಲ ನಾವು."

ಬಿಡಲೂ ಇಲ್ಲ. ಹತ್ತೇ ಜನರ ತುತ್‌ಝೋರ್ ಮೇಲೆ ಗಣಿಯ ಹುಡುಗರು ಮುಗಿಬಿದ್ದರು. ಬಿಡುವಿಗೆ ಮೊದಲೇ ಮೂರು ಗೋಲು ಬಿದ್ದವು. ಬಿಡುವಿನಲ್ಲಿ ಹುಡುಗರು ನೆಲ ನೋಡುತ್ತ ಕೂತಾಗ ಹೋಶಿಮ್ ಬೈಯಲಿಲ್ಲ, ಹೊಗಳಲೂ ಇಲ್ಲ. "ಹತ್ತುವಾಗ ಹೇಗೆ ಒಬ್ರ ಹಿಂದೆ ಒಬ್ರು ಇದ್ರೋ ಹಾಗೇ ಇರಿ. ಯಾರೂ ಒಂಟಿಯಾಗ್ಬೇಡಿ," ಅಂದ. ಆಮೇಲೆ ಒಂದೂ ಗೋಲು ಬೀಳಲಿಲ್ಲ. ತುಯ್ಚಿ ಕೆಟ್ಟ ಮೊಣಕಾಲಿನ ಮೇಲೆಯೇ ಬಿದ್ದು ಬಿದ್ದು ಚೆಂಡು ತಡೆದ. ಕೊನೆಯ ಹೊತ್ತಿಗೆ ಮೂಲೆಯಿಂದ ಬಂದ ಚೆಂಡಿಗೆ ನಬಿಜೋನ್ ತಲೆ ಕೊಟ್ಟ. ಅದು ಕಂಬಕ್ಕೆ ಬಡಿದು ಒಳಗೆ ಹೋಯಿತು. ಮೂರು–ಒಂದು. ಸೋತರು. ಆದರೆ ಗಣಿಯ ಜನ ಟೋಪಿ ತೆಗೆದು ನಿಂತು ಚಪ್ಪಾಳೆ ತಟ್ಟಿದ್ದು ತಮ್ಮ ತಂಡಕ್ಕಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು.

ದಿಲ್ಮುರೋದ್ ಬೇಸಿಗೆಯಲ್ಲಿ ತಾಷ್ಕೆಂಟಿಗೆ ಹೋದ. ಬೀಳ್ಕೊಡಲು ಹೋಶಿಮ್ ಬಸ್ ನಿಲ್ದಾಣಕ್ಕೆ ಹೋಗಿದ್ದ. "ಕಾಲು ಜೋಪಾನ," ಅಂದ, ಮನಸಾರೆ. ತಂಡ ಆ ವರ್ಷ ಕೊನೆಯಿಂದ ಎರಡನೆಯ ಸ್ಥಾನದಲ್ಲಿ ನಿಂತು ದರ್ಜೆ ಉಳಿಸಿಕೊಂಡಿತು. ಮುಂದೆ ಒಮ್ಮೆ ಕೆಳಗಿಳಿಯಿತು, ಮತ್ತೆ ಮೇಲೆ ಬಂತು. ಕಾರ್ಖಾನೆ ಪೂರ್ತಿ ಮುಚ್ಚಿತು, ತಂಡ ಮುಚ್ಚಲಿಲ್ಲ. ಹೋಶಿಮ್‌ನ ನಂತರ ನಬಿಜೋನ್ ತರಬೇತುದಾರನಾದ. ಆಟಗಾರರು ಚಳಿ ಎಂದು ಗೊಣಗಿದಾಗಲೆಲ್ಲ ಅವನು ಕಮ್ಚಿಕ್‌ನ ಮಾತೆತ್ತುತ್ತಾನೆ. ಅವರು ಮತ್ತೆ ಅದೇ ಕಥೆ ಎಂದು ಕಣ್ಣು ಹೊರಳಿಸುತ್ತಾರೆ, ಆದರೂ ಎದ್ದು ಓಡಲು ಶುರುಮಾಡುತ್ತಾರೆ.