ಚುಂಬಿಸಿ, ಚಿತ್ರ ತೆಗೆದುಕೊಳ್ಳಿ

ಒಂದಾನೊಂದು ಊರಿನಲ್ಲಿ ನೆತ್ತಿಯಿಂದ ಹೊಗೆ ಬಿಡುವ ರಾಕ್ಷಸನಿದ್ದ, ಅವನಿಗೆ ಹೆಂಗಸರ ಹಲ್ಲೆಂದರೆ ಬಲು ಇಷ್ಟ ಎಂದು ಅಜ್ಜಿ ಕಥೆ ಶುರುಮಾಡುತ್ತಿದ್ದಳು. ಮೊಮ್ಮಗಳು ಈಗ ಆ ರಾಕ್ಷಸನ ಹೊಟ್ಟೆಯೊಳಗೇ ನಿಂತು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಟಿಕೆಟ್ ಕೊಂಡವರಿಗೆ ಅವನ ಗುಣಗಾನ ಮಾಡುತ್ತಿದ್ದಳು.

"ಇದು ಹಳೇ ಬಟ್ಟೆ ಗಿರಣಿಯ ಚಿಮಣಿ. ನೂರಿಪ್ಪತ್ತು ಅಡಿ. ಈಗ ಗುಲಾಬಿ ಬಣ್ಣ ಬಳಿದಿದ್ದೇವೆ."

"ಫೋಟೋಗೆ ಚೆನ್ನಾಗಿ ಬರುತ್ತೆ," ಎಂದ ಒಬ್ಬ. ಫೋಟೋಗೆ ಬಾರದ್ದೇನೂ ಅವನ ಕಣ್ಣಿಗೆ ಬೀಳುವಂತಿರಲಿಲ್ಲ.

ಬಾಯ್ಲರ್ ಕೋಣೆಯಲ್ಲಿ ಈಗ ಕಾಫಿ ಅಂಗಡಿ, ಹಾಜರಿ ಕೋಣೆಯಲ್ಲಿ ಪರಿಮಳದ ಸಾಬೂನಿನ ಅಂಗಡಿ. ಕೂಲಿಯವರ ಸಾಲುಮನೆಗಳಿಗೆ ಎಂದೂ ಹರಿಯದ ನಲ್ಲಿನೀರು ಅಂಗಳದ ಕಾರಂಜಿಯಲ್ಲಿ ಕುಣಿಯುತ್ತಿತ್ತು. ಮಗ್ಗದ ಮನೆಯ ಬಾಗಿಲಲ್ಲಿ ಒಂದು ಬುಟ್ಟಿ. ಅದರ ತುಂಬ ನೂಲು ಹೊತ್ತು ಮಗ್ಗದಲ್ಲಿ ಅತ್ತಿಂದಿತ್ತ ಓಡುತ್ತಿದ್ದ ಮರದ ಲಾಳಿಗಳು. ಮೇಲೆ ಬೋರ್ಡು: 'ಇಲ್ಲಿನ ಹೆಂಗಸರು ಲಾಳಿಯನ್ನು ಪ್ರೀತಿಯಿಂದ ಚುಂಬಿಸಿ ಕೆಲಸ ಮಾಡುತ್ತಿದ್ದರು. ನೀವೂ ಚುಂಬಿಸಿ, ಚಿತ್ರ ತೆಗೆದುಕೊಳ್ಳಿ.'

ಇಲ್ಲೇ ಮಗ್ಗ ನಡೆಸಿದ್ದ ಅಜ್ಜಿ ಒಮ್ಮೆ ಬಂದು ಇದನ್ನು ಓದಿಸಿಕೊಂಡಿದ್ದಳು.

"ಪ್ರೀತಿಯಿಂದಂತೆ. ಬರೆದೋನ ಬಾಯಲ್ಲಿ ಹಲ್ಲೆಷ್ಟಿದೆ ನೋಡ್ಕೊಂಡು ಬಾ ಹೋಗು."

"ಮೆಲ್ಲಗೆ, ಅಜ್ಜಿ."

"ಈ ಕಟ್ಟಡದೊಳಗೆ ಮೆಲ್ಲಗೆ ಮಾತಾಡಿ ಅಭ್ಯಾಸ ಇಲ್ಲ ಕಣೇ ನಂಗೆ. ಬೊಚ್ಚುಬಾಯಿ ಮಾತು ಇವರಿಗೆ ತಿಳಿಯಲ್ಲ. ನಿಂಗೆ ಅಷ್ಟೂ ಹಲ್ಲಿವೆ, ನಾಲ್ಕು ಜನರ ಮುಂದೆ ನೆಟ್ಟಗೆ ಹೇಳು. ಮಾತು ಕೊಡು."

ಕೊಟ್ಟಳು. ಅದಾಗಿ ಏಳು ತಿಂಗಳು. ಬೋರ್ಡಿನಲ್ಲಿಲ್ಲದ ಒಂದು ಮಾತಾಡಿದರೂ ನಾಳೆಯಿಂದ ಬರಬೇಡ ಎಂದು ಮ್ಯಾನೇಜರ್ ಹೇಳಿದ್ದ. ಅವಳು ದಿನಕ್ಕೆ ನಾಲ್ಕು ಸಲ ಆ ಪ್ರೀತಿಯನ್ನು ಒಪ್ಪಿಸಿದ್ದಳು. ಮನೆಗೆ ಹೋಗಿ ಅಜ್ಜಿಗೆ ಗಂಜಿ ಕುಡಿಸುವಾಗ ಬೇರೆ ಕಡೆ ನೋಡಿದ್ದಳು.

ಇವತ್ತು ಮ್ಯಾನೇಜರ್ ಗುಂಪಿನ ಹಿಂದೆಯೇ ನಿಂತಿದ್ದ. ಹರಳಿನ ಓಲೆಯ ಹೆಂಗಸೊಬ್ಬಳು ಲಾಳಿಯನ್ನು ತುಟಿಗೊತ್ತಿ, ಕಣ್ಣುಮುಚ್ಚಿ, ಫೋಟೋ ತೆಗೆಸಿಕೊಂಡಳು.

"ಎಂಥಾ ಭಕ್ತಿ ಇತ್ತಲ್ಲ ಕೆಲಸದ ಮೇಲೆ. ನಮ್ಮನೆ ಕೆಲಸದವಳಿಗೆ ತೋರಿಸ್ಬೇಕು ಇದನ್ನ."

"ಭಕ್ತಿ ಅಲ್ಲ, ಮೇಡಂ," ಎಂದಳು ಹುಡುಗಿ. "ಆ ಸಣ್ಣ ತೂತು ನೋಡಿ. ನೂಲು ಮುಗಿದಾಗಲೆಲ್ಲ ಹೊಸ ಎಳೇನ ಅದರಿಂದ ಹೊರಗೆ ತೆಗೀಬೇಕು. ಕೊಕ್ಕೆ ಹಾಕಿ ತೆಗೆದ್ರೆ ಹೊತ್ತಾಗುತ್ತೆ ಅಂತ ಮಾಲೀಕರು ಕೊಕ್ಕೆ ಕೊಡಲಿಲ್ಲ. ಬಾಯಿಟ್ಟು ಹೀರ್ತಿದ್ರು. ದಿನಕ್ಕೆ ಮುನ್ನೂರು ಸಲ. ಎಳೆ ಜೊತೆ ಎಣ್ಣೆ, ಬಣ್ಣ, ಧೂಳು ಎಲ್ಲಾ ಬಾಯಿಗೆ. ಹಗಲುಪಾಳಿಯವಳ ಎಂಜಲು ರಾತ್ರಿಪಾಳಿಯವಳಿಗೆ. ಒಬ್ಬಳಿಗೆ ಕ್ಷಯ ಬಂದ್ರೆ ಸಾಲಿಗೇ ಬರ್ತಿತ್ತು. ನಮ್ಮಜ್ಜಿಗೆ ಮೂವತ್ತು ತುಂಬೋ ಹೊತ್ತಿಗೆ ಮುಂದಿನ ಹಲ್ಲು ಒಂದೂ ಉಳಿದಿರ್ಲಿಲ್ಲ."

"ಏನಮ್ಮಾ," ಎಂದ ಮ್ಯಾನೇಜರ್, "ಬೋರ್ಡಿನಲ್ಲಿ ಇದೆಯಾ ಇದೆಲ್ಲ?"

"ಇಲ್ಲ ಸರ್. ಅದಕ್ಕೇ ಹೇಳಿದೆ."

ಹರಳಿನ ಓಲೆಯವಳು ಕರವಸ್ತ್ರದಿಂದ ತುಟಿ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಲಾಳಿಯನ್ನು ಎರಡೇ ಬೆರಳಲ್ಲಿ ಹಿಡಿದು ಗಂಡನತ್ತ ಚಾಚಿದಳು. ಅವನು ಎರಡೂ ಕೈಗಳನ್ನು ಜೇಬಿಗಿಳಿಸಿದ.