ಎಲ್ಲ ನೋವೂ ಐವತ್ತರ ಭುಜವಲ್ಲ

ನಮ್ಮ ಕೊರಿಯಾದ ಹಳ್ಳಿಗಳಲ್ಲಿ ಐವತ್ತು ದಾಟಿದ ಹೆಂಗಸಿಗೆ ಭುಜ ಹಿಡಿದುಕೊಂಡರೆ, ಅದು ಏನೆಂದು ಡಾಕ್ಟರನ್ನು ಕೇಳುವವರಿಲ್ಲ. ಹೆಸರು ಮೊದಲೇ ಸಿದ್ಧವಾಗಿದೆ: ಐವತ್ತರ ಭುಜ. ಕೈ ಮೇಲಕ್ಕೆ ಹೋಗದಿದ್ದರೂ ಅದೇ, ಬೆನ್ನ ಹಿಂದಕ್ಕೆ ಹೋಗದಿದ್ದರೂ ಅದೇ. ಬರುತ್ತದೆ, ವರ್ಷ ಎರಡು ವರ್ಷ ಕಾಡುತ್ತದೆ, ತಾನಾಗಿಯೇ ಹೋಗುತ್ತದೆ. ಅಲ್ಲಿಯವರೆಗೆ ಸಮುದಾಯ ಭವನದ ಮುಂದಿನ ಕಬ್ಬಿಣದ ಸರಳಿಗೆ ದಿನಾ ಜೋತುಬೀಳಬೇಕು. ಚುನ್‌ಹ್ವಾಳಿಗೂ ಊರು ಇದನ್ನೇ ಹೇಳಿತು. ಅವಳಿಗೆ ಅರವತ್ತೆರಡು.

ಅಕ್ಟೋಬರ್ ಕೊನೆಯಲ್ಲಿ ಅವಳು ಹಿತ್ತಲಿನ ಪರ್ಸಿಮನ್ ಹಣ್ಣು ಕೀಳುತ್ತಿದ್ದಳು. ಮರದ ತುದಿಯ ನಾಲ್ಕಾರು ಹಣ್ಣನ್ನು ಹಕ್ಕಿಗಳಿಗೆ ಬಿಡುವುದು ನಮ್ಮಲ್ಲಿ ವಾಡಿಕೆ. ಆ ವರ್ಷ ತುದಿಯವೇ ದಪ್ಪಗಿದ್ದವು. ಇನ್ನೊಂದೇ ಒಂದು ಎನ್ನುತ್ತ ಸ್ಟೂಲು ಹತ್ತಿ ದೋಟಿ ಚಾಚಿದಳು. ಸ್ಟೂಲು ವಾಲಿತು. ಬೀಳುವಾಗ ಬಲಗೈ ಊರಿದಳು. ಎದ್ದು ಕೂತಾಗ ಭುಜ ದುಂಡಗಿರಬೇಕಾದ ಕಡೆ ಗುಳಿ ಬಿದ್ದಿತ್ತು.

ಕೂಗು ಕೇಳಿ ಪಕ್ಕದ ಮನೆಯ ಗಪ್‌ಸುನ್ ಅಕ್ಕ ಓಡಿಬಂದಳು. ಎಪ್ಪತ್ತು ವರ್ಷದ ಅವಳಿಗೆ ಗೊತ್ತಿಲ್ಲದ ಔಷಧಿ ಊರಿನಲ್ಲಿ ಯಾವುದೂ ಇರಲಿಲ್ಲ.

"ಹಕ್ಕಿ ಪಾಲಿಗೆ ಕೈ ಹಾಕಿದ್ಯಲ್ಲೇ, ಅದಕ್ಕೇ! ಕೀಲು ಜಾರಿದೆ ಅಷ್ಟೆ. ನಮ್ಮ ಮಾವ ಎತ್ತಿನ ಕಾಲನ್ನೇ ಎಳೆದು ಕೂರಿಸ್ತಿದ್ರು. ಹಲ್ಲು ಕಚ್ಕೊಂಡಿರು, ಒಂದೇ ಸಲ ಎಳೀತೀನಿ."

"ಆಮೇಲೆ ಆ ಎತ್ತು ಏನಾಯ್ತಕ್ಕ?" ಚುನ್‌ಹ್ವಾ ಅಳುವಿನ ನಡುವೆಯೇ ಕೇಳಿದಳು.

"ಅದಾ... ಆ ವರ್ಷವೇ ಮಾರ್ಬಿಟ್ವಿ."

ಅಷ್ಟರಲ್ಲಿ ಗಂಡ ದೊಕ್‌ಸು ಊರಿನ ಆರೋಗ್ಯ ಕೇಂದ್ರದ ನರ್ಸ್ ಯೊನ್‌ಜುಗೆ ಫೋನು ಮಾಡಿದ್ದ. ಫೋನಿನಲ್ಲಿ ಅವಳ ದನಿ ಜೋರಾಗಿಯೇ ಕೇಳಿಸಿತು. "ಯಾರೂ ಎಳೀಬೇಡಿ! ಒಳಗೆ ಮೂಳೆ ಮುರಿದಿದ್ರೆ ಎಳೆದಾಗ ಇನ್ನೂ ಹಾಳಾಗುತ್ತೆ. ಕೈ ಹೇಗಿದೆಯೋ ಹಾಗೇ ಬಟ್ಟೇಲಿ ಕಟ್ಟಿ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಹಳೆಯ ಬಟ್ಟೆ ಪೆಟ್ಟಿಗೆಯಲ್ಲಿತ್ತು. ಅದರಲ್ಲೇ ಕೈಯನ್ನು ಎದೆಗೆ ಕಟ್ಟಿ ಪೇಟೆಗೆ ಹೋದರು. ಅಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಮಂಪರು ಬರಿಸಿ ಕೀಲನ್ನು ಜಾಗಕ್ಕೆ ಕೂರಿಸಿ, ಕೈಯನ್ನು ಜೋಲಿಗೆ ಹಾಕಿದರು. "ಎರಡು ವಾರ ಬಿಟ್ಟು ತಪ್ಪದೆ ಬನ್ನಿ. ಕೈ ಎತ್ತೋಕಾಗುತ್ತಾ ನೋಡ್ಬೇಕು" ಎಂದರು ಡಾಕ್ಟರು.

ಎರಡು ವಾರದಲ್ಲಿ ನೋವು ಮುಕ್ಕಾಲು ಇಳಿದಿತ್ತು. ಕಿತ್ತ ಹಣ್ಣುಗಳ ಸಿಪ್ಪೆ ತೆಗೆದು ಒಣಗಲು ಕಟ್ಟುವ ಕೆಲಸ ತಲೆಯ ಮೇಲಿತ್ತು. ಅವಳೇ ಜೋಲಿ ಬಿಚ್ಚಿಟ್ಟಳು. ಇನ್ನು ಯಾಕೆ ಆಸ್ಪತ್ರೆ ಎಂದು ಚುನ್‌ಹ್ವಾ ಹೋಗಲಿಲ್ಲ.

ಆದರೆ ಕೈ ಏಳಲಿಲ್ಲ. ತುತ್ತು ಬಾಯಿಗೆ ಹೋಗುತ್ತಿತ್ತು, ಲೋಟ ಕಪಾಟಿಗೆ ಹೋಗುತ್ತಿರಲಿಲ್ಲ. ತಲೆ ಬಾಚಿಕೊಳ್ಳಲು ಹೋದರೆ ಕಿವಿಯ ಹತ್ತಿರವೇ ಕೈ ಸೋತು ಕೆಳಗಿಳಿಯುತ್ತಿತ್ತು. ಅವಳು ಯಾರಿಗೂ ಹೇಳದೆ ಪೇಟೆಗೆ ಹೋಗಿ ಕೂದಲನ್ನು ಕತ್ತಿನವರೆಗೆ ಕತ್ತರಿಸಿಕೊಂಡು ಬಂದಳು.

"ಏನಿದು ಹೊಸ ಫ್ಯಾಷನ್ನು?" ಎಂದ ದೊಕ್‌ಸು.

"ಚೆನ್ನಾಗಿಲ್ವಾ?"

"ಹತ್ತು ವರ್ಷ ಚಿಕ್ಕವಳ ಥರ ಕಾಣ್ತೀಯ."

ಅವಳು ನಕ್ಕಳು. ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ ಬಲಗೈಯನ್ನು ಎಡಗೈಯಿಂದ ಮೇಲಕ್ಕೆತ್ತಿದಳು. ಸಲೀಸಾಗಿ ಹೋಯಿತು. ಎಡಗೈ ಬಿಟ್ಟಳು. ಬಲಗೈ ದೊಪ್ಪನೆ ಬಿತ್ತು. ಅಡುಗೆ ನಿಂತಿರಲಿಲ್ಲ, ಬಟ್ಟೆ ಒಗೆಯುವುದು ನಿಂತಿರಲಿಲ್ಲ, ಅದಕ್ಕೇ ಮನೆಯಲ್ಲಿ ಯಾರಿಗೂ ಏನೂ ಕಂಡಿರಲಿಲ್ಲ. ಕಾಣದಂತೆ ನೋಡಿಕೊಂಡವಳು ತಾನೇ ಎಂಬುದೂ ಅವಳಿಗೆ ಗೊತ್ತಿತ್ತು. ನಲವತ್ತು ವರ್ಷ ಮನೆಮಂದಿಗೆಲ್ಲ ಎತ್ತಿಕೊಟ್ಟ ಕೈ ಇದು. ಈಗ ಇದಕ್ಕೇ ಇನ್ನೊಬ್ಬರು ಎತ್ತಿಕೊಡಬೇಕೆ? ಸಾಯುವವರೆಗೂ ಹೀಗೆಯೇ ಉಳಿದರೆ? ಆ ಹೆದರಿಕೆಗೇ ಅವಳು ಬಾಯಿ ಬಿಡಲಿಲ್ಲ.

ಗಪ್‌ಸುನ್ ಅಕ್ಕನ ಕಣ್ಣಿಗೆ ಮಾತ್ರ ಬಿದ್ದೇಬಿಟ್ಟಿತು.

"ಐವತ್ತರ ಭುಜ ಕಣೇ. ನಿಂಗೆ ಹನ್ನೆರಡು ವರ್ಷ ತಡವಾಗಿ ಬಂದಿದೆ. ನಂಗೂ ಎಡಗಡೆ ಶುರುವಾಗಿದೆ ನೋಡು. ಬಾ, ಇಬ್ರೂ ಸರಳಿಗೆ ಜೋತುಬೀಳೋಣ."

ಇಬ್ಬರೂ ಹೋದರು. ಚುನ್‌ಹ್ವಾ ಜೋತುಬಿದ್ದ ಮರುಕ್ಷಣವೇ ಕೈ ಬಿಟ್ಟು ನೆಲದ ಮೇಲೆ ಕೂತಳು. ಭುಜದೊಳಗೆ ಬೆಂಕಿ ಇಟ್ಟಂತಾಗಿತ್ತು.

"ಮೊದಲ ದಿನ ಹಾಗೇ ಇರುತ್ತೆ" ಎಂದಳು ಗಪ್‌ಸುನ್, ತಾನೂ ಭುಜ ಉಜ್ಜಿಕೊಳ್ಳುತ್ತ.

ಅದೇ ದಿನ ಸಮುದಾಯ ಭವನದಲ್ಲಿ ನರ್ಸ್ ಯೊನ್‌ಜು ಎಲ್ಲರ ಬಿ.ಪಿ. ನೋಡುತ್ತಿದ್ದಳು. ಬೆಚ್ಚಗಿನ ನೆಲದ ಮೇಲೆ ಹೆಂಗಸರು ಹೂವಿನ ಚಿತ್ರದ ಇಸ್ಪೀಟು ಹರಡಿಕೊಂಡು ಕೂತಿದ್ದರು. ಮುಖ ಹಿಂಡಿಕೊಂಡು ಒಳಗೆ ಬಂದ ಇಬ್ಬರನ್ನೂ ಯೊನ್‌ಜು ನೋಡಿದಳು.

"ಏನಾಯ್ತಮ್ಮ?"

"ಏನಿಲ್ಲ ನರ್ಸಮ್ಮ, ಇಬ್ರಿಗೂ ಐವತ್ತರ ಭುಜ" ಎಂದಳು ಗಪ್‌ಸುನ್.

"ನೀವೇ ಹೇಳ್ಬಿಟ್ರೆ ನಂಗೇನು ಕೆಲಸ? ಬನ್ನಿ, ನೋಡೋಣ."

ಯೊನ್‌ಜು ಇಬ್ಬರನ್ನೂ ಇಸ್ಪೀಟಿನ ಪಕ್ಕದಲ್ಲೇ ಕೂರಿಸಿಕೊಂಡು, ಮೊದಲು ಗಪ್‌ಸುನ್‌ಳ ಎಡಗೈ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದಳು. ಅದು ಅರ್ಧಕ್ಕೇ ನಿಂತಿತು.

"ಅಯ್ಯಯ್ಯೋ, ಸಾಕು! ಗೂಟ ಹೊಡೆದಂಗಿದೆ!"

"ನೋಡಿದ್ರಾ? ನಾನು ಎತ್ತಿದ್ರೂ ಹೋಗ್ತಿಲ್ಲ. ಕೀಲೇ ಬಿಗಿದುಕೊಂಡಿದೆ. ನೀವು ಹೇಳೋ ಐವತ್ತರ ಭುಜ ಇದೇ. ಇದಕ್ಕೂ ಜೋತುಬೀಳ್ಬಾರ್ದು, ನಿಧಾನವಾದ ವ್ಯಾಯಾಮ ಹೇಳಿಕೊಡ್ತೀನಿ."

ಆಮೇಲೆ ಚುನ್‌ಹ್ವಾಳ ಬಲಗೈ ಎತ್ತಿದಳು. ಅದು ಸರಾಗವಾಗಿ ಕಿವಿಯ ಪಕ್ಕಕ್ಕೆ ಹೋಯಿತು. ಹೆಂಗಸರು ಚಪ್ಪಾಳೆ ತಟ್ಟಿದರು.

"ಈಗ ನಾನು ಕೊಂಚ ಕೊಂಚವೇ ಬಿಡ್ತೀನಿ. ಅಲ್ಲೇ ಹಿಡ್ಕೊಳ್ಳಿ ನೋಡೋಣ."

ಕೈ ನಿಲ್ಲಲಿಲ್ಲ. ಯೊನ್‌ಜುವಿನ ಹಿಡಿತದಿಂದ ಜಾರಿ ಇಸ್ಪೀಟಿನ ಮೇಲೆ ಬಿತ್ತು. ಎಲೆಗಳೆಲ್ಲ ಚೆಲ್ಲಾಪಿಲ್ಲಿಯಾದವು.

"ಗೆಲ್ಲೋ ಆಟ ಇತ್ತು ಕಣೇ ನಂದು!" ಎಂದು ಒಬ್ಬಳು ಬೊಬ್ಬೆ ಹಾಕಿದಳು. ಉಳಿದವರು ನಗಲಿಲ್ಲ. ಚುನ್‌ಹ್ವಾಳ ಕಣ್ಣಲ್ಲಿ ನೀರು ತುಂಬಿತ್ತು.

"ನರ್ಸಮ್ಮ, ಇದು ಇನ್ನು ಏಳೋದೇ ಇಲ್ವಾ?"

"ಈಗ ಹೋದ್ರೆ ಏಳುತ್ತೆ. ಭುಜದ ಮೂಳೇನ ಸ್ನಾಯುಗಳು ಹುರಿ ಹಾಗೆ ಹಿಡಿದಿರ್ತವೆ. ಹುಡುಗರಿಗೆ ಭುಜ ಜಾರಿದ್ರೆ ಮತ್ತೆ ಮತ್ತೆ ಜಾರೋ ಭಯ. ನಲವತ್ತು ದಾಟಿದವರಿಗೆ ಹುರಿ ಸವೆದಿರುತ್ತೆ, ಮೂಳೆ ಜಾರುವಾಗ ಅದೇ ಹರಿದುಹೋಗಬಹುದು. ಅದು ಎಕ್ಸ್‌ರೇನಲ್ಲಿ ಕಾಣಲ್ಲ, ಬೇರೆ ಸ್ಕ್ಯಾನ್ ಬೇಕು. ಡಾಕ್ಟ್ರು ಮತ್ತೆ ಬನ್ನಿ ಅಂದಿದ್ದು ಇದಕ್ಕೇ. ತಡ ಮಾಡಿದ್ರೆ ಹರಿದ ಹುರಿ ಒಳಗೆ ಸರಿದುಬಿಡುತ್ತೆ, ಸ್ನಾಯು ಸೊರಗುತ್ತೆ. ಆಮೇಲೆ ಹೊಲಿಯೋಕೂ ಆಗಲ್ಲ."

"ಮುಂದಿನ ವಾರ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿ ಹಾಕ್ಬೇಕು. ಎಂಬತ್ತು ಎಲೆಕೋಸು. ಅದು ಮುಗಿಸಿ..."

"ಮುಚ್ಚೇ ಬಾಯಿ!" ಎಂದು ಗಪ್‌ಸುನ್ ಗದರಿದಳು. ಅವಳ ಮುಖ ಸಣ್ಣದಾಗಿತ್ತು. "ಹರಿದಿರೋ ಭುಜಾನ ಸರಳಿಗೆ ನೇತುಹಾಕಿದವಳು ನಾನು. ನಿನ್ನ ಎಲೆಕೋಸಿಗೆ ಉಪ್ಪು ನಾವು ಹಾಕ್ತೀವಿ. ನೀನು ನಾಳೆ ಬೆಳಗ್ಗೆ ಹೊರಡು."

"ಅಕ್ಕ, ನೀವು ಹಾಕಿದ್ರೆ ಉಪ್ಪು ಜಾಸ್ತಿ ಆಗುತ್ತೆ."

"ಕೈ ಏಳದಿದ್ರೂ ನಾಲಿಗೆ ಚೆನ್ನಾಗಿ ಏಳುತ್ತೆ ನಿಂಗೆ!"

ಸಂಜೆ ಚುನ್‌ಹ್ವಾ ಗಂಡನ ಮುಂದೆ ಕೂತು ಎಡಗೈಯಿಂದ ಬಲಗೈ ಎತ್ತಿ, ಬಿಟ್ಟು ತೋರಿಸಿದಳು. ಕೂದಲು ಕತ್ತರಿಸಿದ್ದೇಕೆಂದೂ ಹೇಳಿದಳು. ದೊಕ್‌ಸು ಅವಳ ಬಲಗೈಯನ್ನು ಮೆಲ್ಲಗೆ ಹಿಡಿದುಕೊಂಡ. "ಹತ್ತು ವರ್ಷ ಚಿಕ್ಕವಳು ಅಂದೆನಲ್ಲ, ಎಂಥ ದಡ್ಡ ನಾನು" ಎಂದ. ಮರುದಿನ ಬೆಳಗಾಗುವ ಮೊದಲೇ ಗಾಡಿ ಚಾಲೂ ಮಾಡಿಕೊಂಡು ಕೂತಿದ್ದ.

ಯೊನ್‌ಜು ಹೇಳಿದಂತೆಯೇ ಹುರಿ ಹರಿದಿತ್ತು. ಇನ್ನೂ ದೂರ ಸರಿದಿರಲಿಲ್ಲ. ಸಣ್ಣ ರಂಧ್ರಗಳಿಂದ ಉಪಕರಣ ಇಳಿಸಿ ಹೊಲಿದರು. ಆರು ವಾರ ಕೈ ಜೋಲಿಯಲ್ಲಿತ್ತು. ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ಬೇಸರವಾದ ದಿನ ಅವಳು ಗಪ್‌ಸುನ್‌ಳನ್ನು ಕರೆಯುತ್ತಿದ್ದಳು. ಇಬ್ಬರೂ ಗೋಡೆಯ ಮೇಲೆ ಬೆರಳು ಹತ್ತಿಸುತ್ತ, ನೀನು ಕೆಳಗೆ ನಾನು ಮೇಲೆ ಎಂದು ಜಗಳವಾಡುತ್ತ ಚಳಿಗಾಲ ಕಳೆದರು. ಆ ವರ್ಷದ ಕಿಮ್ಚಿಗೆ ಉಪ್ಪು ನಿಜಕ್ಕೂ ಜಾಸ್ತಿಯಾಗಿತ್ತು. ಚುನ್‌ಹ್ವಾ ಒಂದು ಮಾತೂ ಆಡದೆ ತಿಂದಳು.

ಮೇ ತಿಂಗಳ ಒಂದು ಬೆಳಿಗ್ಗೆ ಪೇಟೆಯ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಬಸ್ಸು ತಿರುವಿನಲ್ಲಿ ವಾಲಿದಾಗ ಚುನ್‌ಹ್ವಾ ಮೇಲಿನ ಹಿಡಿಕೆಯನ್ನು ಹಿಡಿದು ನಿಂತಳು. ಎರಡು ನಿಲ್ದಾಣ ದಾಟಿದ ಮೇಲೆ, ತಾನು ಹಿಡಿದಿರುವುದು ಬಲಗೈಯಿಂದ ಎಂಬುದು ಅವಳಿಗೆ ತಿಳಿಯಿತು. ಪಕ್ಕದಲ್ಲಿದ್ದ ಗಪ್‌ಸುನ್‌ಳನ್ನು ಮೊಣಕೈಯಿಂದ ತಿವಿದು ಕಣ್ಣಲ್ಲೇ ತೋರಿಸಿದಳು. ಗಪ್‌ಸುನ್ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು: "ನೋಡ್ರಪ್ಪಾ, ನಮ್ಮ ಚುನ್‌ಹ್ವಾ ಕೈ ಎತ್ತಿದಾಳೆ!"

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬಿದ್ದು ಭುಜ ಜಾರಿದರೆ ಯಾರಿಗೂ ಎಳೆಯಲು ಬಿಡಬೇಡಿ. ಇದ್ದಂತೆಯೇ ಬಟ್ಟೆಯಲ್ಲಿ ಕಟ್ಟಿ ಆಸ್ಪತ್ರೆಗೆ ಹೋಗಿ. ಕೀಲು ಕೂರಿಸಿದ ಮೇಲೆ ನೋವು ಹೋಯಿತೆಂದು ಸುಮ್ಮನಾಗದೆ, ಹೇಳಿದ ದಿನ ಮತ್ತೆ ತೋರಿಸಿ. ಎರಡು ಮೂರು ವಾರವಾದರೂ ಕೈ ಏಳದಿದ್ದರೆ, ಎತ್ತಿದ ಕೈ ನಿಲ್ಲದಿದ್ದರೆ, ಭುಜ ಅಥವಾ ಬೆರಳು ಜೋಮು ಹಿಡಿದಿದ್ದರೆ ವಯಸ್ಸಿನ ಮೇಲೆ ಹಾಕಬೇಡಿ. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ, ಎಷ್ಟೋ ಜನರಿಗೆ ವ್ಯಾಯಾಮವೇ ಸಾಕು. ಅದನ್ನು ಡಾಕ್ಟರು ನೋಡಿ ಹೇಳಲಿ. ಮನೆಯಲ್ಲಿ ಯಾರಾದರೂ ಇತ್ತೀಚೆಗೆ ಬಿದ್ದಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ: ಕೈ ಎತ್ತೋಕಾಗುತ್ತಾ? ಅವರಾಗಿ ಹೇಳುತ್ತಾರೆಂದು ಕಾಯಬೇಡಿ.