ಹುಳ ಬಿದ್ದ ಸೌತೆ ಹೊಲ

ಶಿವರಾತ್ರಿ ಕಳೆದು ವಾರವಾಗಿತ್ತು. ಬೆಳಗಿನ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಆದರೆ ಹೊತ್ತು ಮಾರುದ್ದ ಏರಿತೆಂದರೆ ಬೆನ್ನು ಚುರುಗುಟ್ಟುತ್ತಿತ್ತು. ಮುನಿಶಾಮಪ್ಪನ ಸೌತೆ ಹೊಲದಲ್ಲಿ ಕೇರಿಯ ಏಳು ಹೆಂಗಸರು ಕುಕ್ಕರಗಾಲಲ್ಲಿ ಸರಿಯುತ್ತಾ, ಬಳ್ಳಿ ಮಗುಚಿ ಮಗುಚಿ ಕೊಳೆತ ಕಾಯಿ ಆರಿಸಿ ಮಂಕರಿಗೆ ಹಾಕುತ್ತಿದ್ದರು. ಕೊಯ್ಲಿಗೆ ಬಂದ ಕಾಯಿಗಿಂತ ಕೊಳೆತದ್ದೇ ಹೆಚ್ಚಾಗಿತ್ತು.

ಅಕ್ಕಯಮ್ಮನಿಗೆ ಕಾಯಿ ಒಡೆದು ನೋಡುವುದೇ ಬೇಕಿರಲಿಲ್ಲ. ನೊಣ ಚುಚ್ಚಿದ ಕಡೆ ಸೂಜಿಮೊನೆಯಷ್ಟು ತೂತು, ಅದರ ಬಾಯಲ್ಲಿ ಒಣಗಿದ ಅಂಟು. ಅಲ್ಲಿಂದ ಹೀಚು ಸೊಟ್ಟಗಾಗುತ್ತದೆ, ಹಳದಿಗೆ ತಿರುಗುತ್ತದೆ, ಹಿಡಿದರೆ ಬೆರಳು ಒಳಗೆ ಇಳಿಯುತ್ತದೆ. ಬಿದ್ದ ಕಾಯಿಯಿಂದ ಬಿಳಿ ಹುಳ ಎಗರಿ ಮಣ್ಣು ಸೇರುತ್ತದೆ. ಎಂಟು ಹತ್ತು ದಿನಕ್ಕೆ ನೊಣವಾಗಿ ಎದ್ದು ಮತ್ತೆ ಅದೇ ಬಳ್ಳಿಗೆ ಬರುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಇಪ್ಪತ್ತು ಬೇಸಿಗೆ ಕಂಡವರ ಸೌತೆ, ಕರಬೂಜದ ಹೊಲಗಳಲ್ಲಿ ಕೂತು ಕಂಡದ್ದು. ಹದಿನೈದು ದಿನದ ಕೆಳಗೆ ಮೊದಲ ಕಾಯಿ ಕೊಳೆತಾಗಲೇ ಅವಳು ಬದುವಿನ ಕೆಳಗೆ ನಿಂತು, "ಗೌಡ್ರೇ, ಮಂಡಿಯುದ್ದ ಗುಂಡಿ ತೋಡ್ಸಿ, ಇವನ್ನ ಹೂತಾಕ್ಬಿಡಣ" ಅಂದಿದ್ದಳು.

"ಗೊಬ್ಬರ ಆಗೋದನ್ನ ಯಾವಳಾದ್ರೂ ಹೂತಾಕ್ತಾಳೇನೇ? ತಿಪ್ಪೆಗೆ ಸುರಿ" ಅಂದಿದ್ದ ಮುನಿಶಾಮಪ್ಪ. ತಿಪ್ಪೆ ಹೊಲದ ಮೂಲೆಯಲ್ಲೇ ಇತ್ತು. ಔಷಧಿ ಹೊಡೆಸುವ ಮಾತೂ ಇರಲಿಲ್ಲ. ಬದುವಿನಾಚೆ ಅವನದೇ ಹಿಪ್ಪುನೇರಳೆ ತೋಟ. ಗಾಳಿಗೆ ಒಂದು ತೊಟ್ಟು ಎಲೆಯ ಮೇಲೆ ಕೂತರೂ ಮನೆಯೊಳಗಿನ ರೇಷ್ಮೆ ಹುಳ ತಟ್ಟೆಗಟ್ಟಲೆ ಸಾಯುತ್ತಿದ್ದವು.

ಅಕ್ಕಯಮ್ಮನ ಮಗಳು ಮುನಿಗಂಗಿ ಸಾಲಿನಲ್ಲಿ ಹಿಂದೆ ಬಿದ್ದಿದ್ದಳು. ಹದಿನೇಳರ ಹುಡುಗಿ, ಹೊಟ್ಟೆ ಅಮುಕಿಕೊಂಡು ಒಂದೊಂದೇ ಕಾಯಿ ಎತ್ತುತ್ತಿದ್ದಳು. ನಿನ್ನೆಯಿಂದ ಹೊರಗಾಗಿದ್ದಳು. "ಇವತ್ತು ನಾ ಬರಲ್ಲಮ್ಮ" ಅಂದವಳನ್ನು ಅಕ್ಕಯಮ್ಮನೇ ಎಬ್ಬಿಸಿ ಕರೆತಂದಿದ್ದಳು. ಒಬ್ಬಳು ತಪ್ಪಿಸಿಕೊಂಡರೂ ಉಳಿದವರು ಬರಬೇಕಾಗಿಲ್ಲ ಎಂದು ಗೌಡ ಹೇಳಿ ಕಳಿಸಿದ್ದ. ತಿಂಗಳ ಕೂಲಿಯೂ ಅವನ ಹತ್ತಿರವೇ ಉಳಿದಿತ್ತು.

"ಏನಮ್ಮಣ್ಣಿ, ತುಂಬಿದ ಬಸುರಿ ನಡೆದಂಗೆ ನಡೀತೀಯ?" ಪಕ್ಕದ ಸಾಲಿನಿಂದ ಓಬಳಮ್ಮ ಕಿಚಾಯಿಸಿದಳು. "ಗೌಡನ ಕಾಯಿಗೆ ಹೊಟ್ಟೆ ತುಂಬಾ ಹುಳ. ನಿಂಗೇನೇ ಹೊಟ್ಟೇಲಿ?"

"ಊರ್ಕೋ ಅತ್ತೆ, ಸುಮ್ಕಿರು" ಎಂದು ಮುನಿಗಂಗಿ ನಗಲು ಹೋಗಿ ತುಟಿ ಕಚ್ಚಿಕೊಂಡಳು.

ಅಷ್ಟರಲ್ಲಿ ಮುನಿಶಾಮಪ್ಪ ಬಂದ. ಹಿಂದೆ ಅವನ ಹೆಂಡತಿ ವೆಂಕಟರತ್ನಮ್ಮ, ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ.

"ಏಯ್, ಎಲ್ಲಾ ಎದ್ದು ಬದಿನ ತಾವ ಬರ್ರೇ. ಸಾಲಾಗಿ ನಿಂತ್ಕಳಿ. ದೂರ ನಿಂತ್ಕಳ್ರೇ ಲೌಡೀರಾ, ಮೈಮೇಲೇ ಬರ್ತೀರಲ್ಲ."

ಹೆಂಗಸರು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಕೈ ಒರೆಸಿಕೊಳ್ಳುತ್ತಾ ನಿಂತರು.

"ನಿನ್ನೆ ಚಿಂತಾಮಣಿ ಕಡೆ ಹೋಗಿ ಕಣಿ ಕೇಳ್ಕಂಡ್ ಬಂದಿವ್ನಿ. ಹೊಲಕ್ಕೆ ಮೈಲಿಗೆ ಆಗೈತಂತೆ. ಹೊರಗಾದೋಳು ಯಾವಳೋ ಬಳ್ಳಿಗೆ ಕೈಯಿಕ್ಕವಳೆ. ಯಾವಳು ಅಂತ ಬಾಯ್ಬಿಡಿ. ಇಲ್ದಿದ್ರೆ ಒಬ್ಬೊಬ್ಬಳೂ ಈ ಮಣ್ಣು ಹಿಡಿದು ಆಣೆ ಇಕ್ಕಿ."

"ನಂದು ನಿಂತು ನಾಕೊರ್ಸ ಆಯ್ತು ಗೌಡ್ರೇ" ಅಂದಳು ಓಬಳಮ್ಮ. "ನನ್ನಾಣೆ ದಂಡ."

ಯಾರೋ ಕಿಸಕ್ಕೆಂದರು. "ಬಾಯ್ಮುಚ್ಕಂಡು ಬಗ್ಗೇ" ಅಂದ ಮುನಿಶಾಮಪ್ಪ. ಓಬಳಮ್ಮ ಬಗ್ಗಿದಳು. ಉಳಿದವರೂ ಒಬ್ಬೊಬ್ಬರಾಗಿ ಬಗ್ಗಿದರು. ಅಕ್ಕಯಮ್ಮ ಮಣ್ಣು ಹಿಡಿದು ಎದ್ದವಳೇ ಮಗಳಿಗೆ ಕಣ್ಸನ್ನೆ ಮಾಡಿದಳು. ಇಕ್ಕಿಬಿಡು, ಹೋಗಲಿ.

ಮುನಿಗಂಗಿ ಬಗ್ಗಿದಳು. ಕೈ ಮಣ್ಣಿನ ಮೇಲೆ ಗೇಣೆತ್ತರದಲ್ಲಿ ನಿಂತಿತು. ಹಾಗೇ ಎದ್ದಳು.

"ನಾನಿಕ್ಕಲ್ಲ."

"ಅಂದ್ರೆ ನೀನೇನೇ, ನನ್ ಹೊಲ ತಿಂದೋಳು?"

ಅಕ್ಕಯಮ್ಮ ನಡುವೆ ಬಂದಳು. "ಗೌಡ್ರೇ, ಅವಳು ಆಗಿದ್ದು ನಿನ್ನೆ. ಹುಳ ಬಿದ್ದು ಹದಿನೈದು ದಿನ ಆಯ್ತು. ನಿನ್ನೆ ಆದೋಳಿಂದ ಆವತ್ತೇ ಹೆಂಗೆ ಹುಳ ಬೀಳ್ತದೆ, ನೀವೇ ಹೇಳಿ."

"ಕೋರ್ಟಾಗೆ ನಿಂತಂಗೆ ವಾದ ಮಾಡ್ತೀಯೇನೇ ಮುಂಡೆ? ಹೋದ ತಿಂಗಳೂ ಆಗಿರ್ಬೇಕಲ್ಲ ಇವಳು? ಆವಾಗೂ ಇದೇ ಹೊಲದಾಗೇ ಕುಂಡಿ ಊರಿದ್ಲು."

"ಎಲ್ಲಾರೂ ಬರಬೇಕು ಅಂದೋರು ನೀವೇ."

"ಮನುಷ್ಯರಾಗಿದ್ರೆ ಹೇಳಿ ಮನೇಲಿರ್ತಿದ್ರಿ. ದನ ನೀವು. ದನಾನೂ ವಾಸಿ."

ವೆಂಕಟರತ್ನಮ್ಮ ತಟ್ಟೆ ನೋಡುತ್ತಲೇ, "ಚಿಕ್ಕುಡುಗಿ, ಹೋಗ್ಲಿ ಬಿಡಿ. ಹೆಂಗಸ್ರ ಇಚಾರ, ನಾನ್ ಹೇಳ್ಕಂತೀನಿ" ಅಂದಳು.

"ನಿನ್ನ ಯಾರ್ ಕೇಳಿದ್ರು?" ಅಂದ ಗಂಡ.

"ಆ ಮಂಕರಿ ತಲೆ ಮೇಲೆ ಇಟ್ಕಳೇ" ಎಂದು ಅವನು ಮುನಿಗಂಗಿಗೆ ಹೇಳಿದ. "ಊರ ಬೀದೀಲಿ ಹೋಗಿ ಮುನೇಶ್ವರನ ಮುಂದೆ ನಿಂತು, ಈ ಕೊಳೆ ನನ್ನಿಂದ ಆಗಿದ್ದು ಅಂತ ಕೂಗಿ ಹೇಳ್ಬೇಕು. ಗಂಗುಲಪ್ಪಂಗೆ, ಚಲಪತಿಗೆ, ಹೊಲ ಇರೋ ಎಲ್ಲಾರ್ಗೂ ಹೇಳಿ ಕಳಿಸ್ತೀನಿ. ಇವಳದು ಕೆಟ್ಟ ಕೈ. ಸುತ್ತ ಹತ್ತೂರಲ್ಲಿ ಯಾವನೂ ಇವಳನ್ನ ಹೊಲಕ್ಕೆ ಇಳಿಸಂಗಿಲ್ಲ."

ಅಕ್ಕಯಮ್ಮ ಮಗಳತ್ತ ನೋಡಿದಳು. ಮಂಕರಿ ಹೊರುವುದು ಒಂದು ಗಳಿಗೆಯ ಮಾತು. ಕೊಳೆ ತೊಳೆದರೆ ಹೋಗುತ್ತದೆ. ಕೆಟ್ಟ ಕೈ ಎಂಬ ಮಾತು ಒಮ್ಮೆ ಊರು ದಾಟಿತೆಂದರೆ ಹುಡುಗಿಯನ್ನು ರಾಗಿ ಕಳೆ ಕೀಳಲೂ ಯಾರೂ ಕರೆಯುವುದಿಲ್ಲ. ಕೈಯೊಂದನ್ನು ಬಿಟ್ಟು ಅವಳಿಗೆ ಬೇರೇನು ಕೊಟ್ಟಿದ್ದಳು ತಾನು? ಧೂಳಿನಲ್ಲಿ ಉದ್ದಕ್ಕೆ ಬಿದ್ದಳು. "ನಾನ್ ಹೊರ್ತೀನಿ ಗೌಡ್ರೇ, ನಂದೇ ಅಂತ ಹೇಳ್ತೀನಿ. ನಿಮ್ ಕಾಲಿಗೆ ಬೀಳ್ತೀನಿ."

ಮುನಿಶಾಮಪ್ಪ ಕಾಲು ಹಿಂದಕ್ಕೆಳೆದುಕೊಂಡ. "ಮೈಗೆ ತಗಲೀಯ, ಎದ್ದೇಳೇ ಥೂ."

ಮುನಿಗಂಗಿ ಮಂಕರಿ ಎತ್ತಿ ತಲೆಗಿಟ್ಟುಕೊಂಡಳು. ಕೊಳೆತ ರಸ ಕಿವಿಯ ಹಿಂದಿನಿಂದ ಕತ್ತಿಗಿಳಿಯಿತು. ಒಂದು ಹುಳ ಕೆನ್ನೆಗೆ ಬಿದ್ದು ಎಗರಿತು. ಬದುವಿನ ಮೇಲೆ ಹತ್ತು ಹೆಜ್ಜೆ ನಡೆದವಳು ನಿಂತಳು. ಮಂಕರಿ ಇಳಿಸಿದಳು. ಎರಡೂ ಕೈಯಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಊರ ದಾರಿ ಬಿಟ್ಟು, ಬದುವಿನಾಚೆ ಹಿಪ್ಪುನೇರಳೆ ತೋಟಕ್ಕೆ ಇಳಿದಳು.

"ಏಯ್, ಎಲ್ಲೋಗ್ತೀಯೇ? ಅದು ಸೊಪ್ಪಿನ ತೋಟ."

"ನಂದು ಕೆಟ್ಟ ಕೈ ಅಲ್ವಾ ಗೌಡ್ರೇ" ಅಂದಳು ಮುನಿಗಂಗಿ. ದನಿ ಏರಿಸಲಿಲ್ಲ. ಮೊದಲ ಗಿಡದ ಎಲೆಗೆ ಲೋಳೆಯ ಅಂಗೈ ಊರಿ ಒರೆಸಿದಳು. ಮುಂದಿನ ಗಿಡಕ್ಕೆ ಹೋದಳು. ಅದಕ್ಕೂ ಒರೆಸಿದಳು.

ಮುನಿಶಾಮಪ್ಪ ಬದು ಹಾರಿ ಓಡಿದ. ಕೈ ಎತ್ತಿಕೊಂಡೇ ಓಡಿದವನು ಅವಳಿಂದ ಮಾರು ದೂರದಲ್ಲಿ ಗಕ್ಕನೆ ನಿಂತ. ತಡೆಯಬೇಕಾದರೆ ಅವಳನ್ನು ಮುಟ್ಟಬೇಕಿತ್ತು. ಎತ್ತಿದ ಕೈ ಎತ್ತಿದಂತೆಯೇ ಇತ್ತು.

"ರತ್ನೀ, ನೀನಾದ್ರೂ ಹಿಡ್ಕಳೇ ಅವಳ್ನ."

"ನಾನ್ ಹೆಂಗ್ ಹಿಡೀಲಿ?" ವೆಂಕಟರತ್ನಮ್ಮ ಹಿಂದೆ ಸರಿದಳು. "ರೇಷ್ಮೆ ಹುಳದ ಮನೆಗೆ ಹೋಗೋಳು ನಾನು, ಮುಟ್ಟಿದ್ರೆ ಮೈಲಿಗೆ."

ಅವನು ಮಣ್ಣಿನ ಹೆಂಟೆ ಎತ್ತಿ ಬೀಸಿದ. ಅದು ಮುನಿಗಂಗಿಯ ಬೆನ್ನಿಗೆ ಬಡಿದು ಪುಡಿಯಾಯಿತು. ಅವಳು ಬಗ್ಗಿ, ಸುಧಾರಿಸಿಕೊಂಡು, ಇನ್ನೊಂದು ಗಿಡಕ್ಕೆ ಕೈಯಿಟ್ಟಳು.

"ಹುಳ ನಾಕನೇ ಜ್ವರ ಎದ್ದವೆ ಕಣವ್ವ, ಪೊರೆ ಬಿಟ್ಟು ಹಸಿದವೆ. ಈಗ್ಲೇ ಸೊಪ್ಪು ಕುಯ್ಬೇಕು" ಅಂದ ಅವನು. "ಬಾರವ್ವ ಇತ್ಲಾಗೆ. ಮಂಕರಿ ಹೊರೋದ್ ಬ್ಯಾಡ, ಯಾರ್ಗೂ ಹೇಳಲ್ಲ. ಅಕ್ಕಯಮ್ಮ, ನಿನ್ ಮಗಳಿಗೆ ನೀನಾದ್ರೂ ಹೇಳಮ್ಮ. ತಡೆದಿಟ್ಟಿರೋ ಕೂಲಿ ಅಷ್ಟೂ ಇವತ್ತೇ ಕೊಟ್ಬಿಡ್ತೀನಿ."

ಅವನ ಬಾಯಲ್ಲಿ ತನ್ನ ಹೆಸರನ್ನು ಅಕ್ಕಯಮ್ಮ ಕೇಳಿದ್ದು ಅದೇ ಮೊದಲು. ಅವಳು ಎದ್ದು ಮಂಡಿಯ ಧೂಳು ಕೊಡವಿಕೊಂಡಳು. ಒಂದು ತಿಂಗಳ ಕೂಲಿ. ಮನೆಯಲ್ಲಿ ರಾಗಿಹಿಟ್ಟು ಮುಗಿದು ಎರಡು ದಿನವಾಗಿತ್ತು.

"ನನ್ ಮಾತೆಲ್ಲಿ ಕೇಳ್ತಾಳೆ ಗೌಡ್ರೇ" ಅಂದಳು.

ಮುನಿಗಂಗಿ ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ತಿರುಗಿದಳು. ಈಗ ಎರಡು ಕೈಗಳನ್ನೂ ಅಗಲಕ್ಕೆ ಚಾಚಿಕೊಂಡಿದ್ದಳು.